ಮೈದಾನದ ಸಂವಿಭಾಗ

ನ್ಯಾಯವೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಮನಸ್ಸು ನ್ಯಾಯಾಲಯದ ಕಡೆಗೋ ರಾಜ್ಯಾಡಳಿತದ ಕಡೆಗೋ ಹರಿಯುವುದು ಸಹಜ. ಆದರೆ ಮನುಷ್ಯನ ನ್ಯಾಯಬುದ್ಧಿ ದಿನನಿತ್ಯ ಪರೀಕ್ಷೆಗೆ ಒಳಗಾಗುವುದು ಇನ್ನೂ ಚಿಕ್ಕ ಎಡೆಗಳಲ್ಲಿ: ಪಂಕ್ತಿಯಲ್ಲಿ ಬಡಿಸುವವನ ಸೌಟಿನಲ್ಲಿ, ಕೆರೆಯ ತೂಬನ್ನು ತೆರೆಯುವ ನೀರುಗಂಟಿಯ ಕೈಯಲ್ಲಿ, ಅಣ್ಣತಮ್ಮಂದಿರು ಹಿಸ್ಸೆಯಾಗುವ ದಿನದ ಅಳತೆಯ ಹಗ್ಗದಲ್ಲಿ. ವಸ್ತು ಸ್ವಲ್ಪವಿದ್ದು ಬಯಸುವವರು ಬಹಳವಿದ್ದಾಗ ಯಾರಿಗೆ ಎಷ್ಟು, ಯಾವ ಕಾರಣದಿಂದ ಎಂಬ ಪ್ರಶ್ನೆ ಏಳದೆ ಇರದು. ಆ ಪ್ರಶ್ನೆಯನ್ನು ಈ ಲೇಖನದಲ್ಲಿ ಒಂದು ಅಪರೂಪದ ಎಡೆಯಲ್ಲಿಟ್ಟು ನೋಡಲು ಯತ್ನಿಸಲಾಗಿದೆ. ಅಮೆರಿಕದ ಉಪನಗರಗಳಲ್ಲಿ ಮಕ್ಕಳಿಗಾಗಿ ನಡೆಯುವ ಕಾಲ್ಚೆಂಡಾಟದ ಸಂಘಗಳು ತಮ್ಮ ಪಾಲಿಗೆ ಬಂದ ಮೈದಾನವನ್ನೂ ತರಬೇತಿಯ ಅವಧಿಯನ್ನೂ ಹೇಗೆ ಹಂಚಬೇಕು? ಕರ್ನಾಟಕದಿಂದ ಹೋಗಿ ನ್ಯೂಜೆರ್ಸಿ, ಟೆಕ್ಸಾಸ್, ಕ್ಯಾಲಿಫೋರ್ನಿಯಗಳಲ್ಲಿ ನೆಲೆಸಿದ ಎಷ್ಟೋ ಕುಟುಂಬಗಳ ಮಕ್ಕಳೂ ಇಂತಹ ಸಂಘಗಳಲ್ಲಿ ಆಡುತ್ತಿರುವುದರಿಂದ ಈ ವಿಷಯ ನಮಗೆ ಅಷ್ಟೇನೂ ದೂರದ್ದಲ್ಲ.

ಮೊದಲು ಅಲ್ಲಿಯ ಸ್ಥಿತಿಯನ್ನು ತಿಳಿಯೋಣ. ಅಮೆರಿಕನ್ನರು ಸಾಕರ್ ಎಂದು ಕರೆಯುವ ಈ ಆಟ ಅಲ್ಲಿ ಮಕ್ಕಳ ಆಟವಾಗಿ ಬೆಳೆದುದು ಬಹುಮಟ್ಟಿಗೆ ಉಪನಗರಗಳಲ್ಲಿಯೇ. 1964ರಲ್ಲಿ ಕ್ಯಾಲಿಫೋರ್ನಿಯದ ಟಾರೆನ್ಸ್ ಎಂಬ ಊರಿನಲ್ಲಿ ಅಮೆರಿಕನ್ ಯೂತ್ ಸಾಕರ್ ಆರ್ಗನೈಸೇಷನ್ ಎಂಬ ಸಂಸ್ಥೆ ಹುಟ್ಟಿತು. ಹತ್ತು ವರ್ಷಗಳ ನಂತರ, 1974ರಲ್ಲಿ, ಯು.ಎಸ್. ಯೂತ್ ಸಾಕರ್ ಎಂಬ ಒಕ್ಕೂಟ ರೂಪುಗೊಂಡಿತು. ಅದರಲ್ಲಿ ಇಂದು ನೋಂದಾಯಿತರಾದ ಮಕ್ಕಳ ಸಂಖ್ಯೆ ಇಪ್ಪತ್ತೈದು ಲಕ್ಷವನ್ನು ಮೀರುತ್ತದೆ. ಊರೂರಿನ ಸಂಘಗಳನ್ನು ನಡೆಸುವವರು ಬಹುತೇಕ ಮಕ್ಕಳ ತಂದೆತಾಯಿಗಳೇ. ಹಗಲು ತಮ್ಮ ಉದ್ಯೋಗವನ್ನು ಮುಗಿಸಿ ಸಂಜೆ ಸಂಬಳವಿಲ್ಲದೆ ದುಡಿಯುವವರು ಅವರು.

ಈ ಸಂಘಗಳಿಗೆ ಮಕ್ಕಳಿದ್ದಾರೆ, ಚೆಂಡುಗಳಿವೆ, ತರಬೇತುದಾರರಿದ್ದಾರೆ. ಸಾಮಾನ್ಯವಾಗಿ ಸ್ವಂತ ನೆಲವಿಲ್ಲ. ನೆಲ ನಗರದ್ದು, ಕೌಂಟಿಯದ್ದು, ಇಲ್ಲವೇ ಸರಕಾರಿ ಶಾಲೆಯದ್ದು. ಋತುವಿಗೊಮ್ಮೆ ಅರ್ಜಿ ಹಾಕಿ ಪರವಾನಗಿ ಪಡೆಯಬೇಕು. ಮಕ್ಕಳು ಶಾಲೆಯಿಂದ ಬಂದ ಮೇಲೆ ಕತ್ತಲಾಗುವವರೆಗಿನ ಎರಡೂವರೆ ಮೂರು ಗಂಟೆಗಳೇ ತರಬೇತಿಗೆ ದೊರೆಯುವ ಕಾಲ. ದೀಪವಿಲ್ಲದ ಮೈದಾನಗಳಲ್ಲಿ ಶರತ್ಕಾಲ ಮುಂದುವರಿದಂತೆ ಈ ಕಾಲವೂ ಕರಗುತ್ತದೆ. ಸೆಪ್ಟೆಂಬರಿನಲ್ಲಿ ಪೂರ್ತಿ ದೊರೆತಿದ್ದ ಎರಡನೆಯ ಸರದಿ ಅಕ್ಟೋಬರಿನ ಕೊನೆಗೆ ಅರ್ಧವಾಗುತ್ತದೆ. ನವೆಂಬರಿನ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದೊಡನೆ ಇಲ್ಲವೇ ಆಗುತ್ತದೆ. ಎರಡನೆಯ ಸರದಿಯನ್ನು ಪಡೆದ ತಂಡಕ್ಕೆ ಕಾಗದದ ಮೇಲೆ ಸಮಪಾಲಿದ್ದರೂ ನೆಲದ ಮೇಲೆ ಇರುವುದಿಲ್ಲ. ಹಂಚಿಕೆಯ ಅಧ್ಯಯನದಲ್ಲಿ ಇದು ಮೊದಲ ಪಾಠ: ಎಣಿಕೆಯಲ್ಲಿ ಸಮವಾದುದೆಲ್ಲ ಅನುಭವದಲ್ಲಿ ಸಮವಲ್ಲ.

ಸ್ಥಳದ ಅಗತ್ಯವೂ ಎಲ್ಲರಿಗೂ ಒಂದೇ ಅಲ್ಲ. ಅಮೆರಿಕದ ಸಾಕರ್ ಒಕ್ಕೂಟ 2017ರಿಂದ ಕಡ್ಡಾಯಗೊಳಿಸಿದ ನಿಯಮದಂತೆ ಎಂಟು ವರ್ಷದೊಳಗಿನ ಮಕ್ಕಳು ಬದಿಗೆ ನಾಲ್ವರಂತೆ, ಹೆಚ್ಚೆಂದರೆ 35 ಗಜ ಉದ್ದ 25 ಗಜ ಅಗಲದ ಅಂಗಳದಲ್ಲಿ ಆಡುತ್ತಾರೆ. ಒಂಬತ್ತು ಹತ್ತರ ವಯಸ್ಸಿನವರು ಬದಿಗೆ ಏಳು ಜನ. ಅವರ ಅಂಗಳ ಹೆಚ್ಚೆಂದರೆ 65 ಗಜ ಉದ್ದ, 45 ಗಜ ಅಗಲ. ಹನ್ನೊಂದು ಹನ್ನೆರಡರವರು ಬದಿಗೆ ಒಂಬತ್ತು ಜನ. ಬದಿಗೆ ಹನ್ನೊಂದು ಜನರ ಪೂರ್ಣ ಮೈದಾನ ಬರುವುದು ಹದಿಮೂರರ ನಂತರ. ಅದು ನೂರು ಗಜಕ್ಕೂ ಮಿಗಿಲಾದ ಉದ್ದದ ಬಯಲು. ಆರು ವರ್ಷದ ಮಗುವಿಗೆ ಅಷ್ಟು ದೊಡ್ಡ ಬಯಲನ್ನು ಕೊಟ್ಟರೆ ಅದು ಉಪಕಾರವಾಗದು. ಆ ಮಗು ಚೆಂಡನ್ನು ಮುಟ್ಟುವುದಕ್ಕಿಂತ ಅದರ ಹಿಂದೆ ಓಡುವುದೇ ಹೆಚ್ಚು. ಇರುವೆಗೆ ಕಣ, ಆನೆಗೆ ಮಣ ಎಂಬಂತೆ ಅಗತ್ಯವನ್ನು ಅರಿತು ಕೊಡುವುದು ಸಮತೆಗೆ ವಿರೋಧವಲ್ಲ, ಅದರ ಪ್ರೌಢರೂಪ.

ಇನ್ನು ಹಕ್ಕಿನ ಪ್ರಶ್ನೆ. ತತ್ತ್ವಜ್ಞಾನದಲ್ಲಿ ಈ ಪ್ರಶ್ನೆಗೆ ಒಂದು ಕೊಳಲಿನ ಇತಿಹಾಸವಿದೆ. ಉತ್ತಮವಾದ ಕೊಳಲುಗಳು ಯಾರಿಗೆ ಸೇರಬೇಕೆಂದು ಗ್ರೀಸಿನ ಅರಿಸ್ಟಾಟಲ್ ಕೇಳಿದ. ಕುಲೀನನಿಗೂ ಸುಂದರನಿಗೂ ಅಲ್ಲ, ಚೆನ್ನಾಗಿ ನುಡಿಸಬಲ್ಲವನಿಗೆ ಎಂದು ಉತ್ತರಿಸಿದ. ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲದ ನಂತರ ಅಮರ್ತ್ಯ ಸೇನ್ ಅವರು 2009ರಲ್ಲಿ ಪ್ರಕಟವಾದ ನ್ಯಾಯದ ಪರಿಕಲ್ಪನೆಯ ಕುರಿತ ತಮ್ಮ ಗ್ರಂಥದಲ್ಲಿ ಅದೇ ಕೊಳಲನ್ನು ಮೂವರು ಮಕ್ಕಳ ನಡುವೆ ಇಟ್ಟರು. ಒಂದು ಮಗುವಿಗೆ ಮಾತ್ರ ನುಡಿಸಲು ಬರುತ್ತದೆ. ಇನ್ನೊಂದು ಮಗುವಿಗೆ ಆಡಲು ಬೇರೆ ಯಾವ ಆಟಿಕೆಯೂ ಇಲ್ಲ. ಮೂರನೆಯ ಮಗು ತಿಂಗಳುಗಟ್ಟಲೆ ದುಡಿದು ಆ ಕೊಳಲನ್ನು ಮಾಡಿದೆ. ಮೂವರ ವಾದದಲ್ಲಿಯೂ ಸತ್ಯದ ಅಂಶವಿದೆ. ಯಾವುದನ್ನೂ ಸುಳ್ಳೆಂದು ತಳ್ಳಿಹಾಕಲಾಗದು. ಒಂದೇ ನಯವನ್ನು ಹಿಡಿದು ಅದೇ ಸಮಗ್ರ ಸತ್ಯವೆಂದು ಸಾಧಿಸುವುದು ದೋಷವೆಂದು ಬಲ್ಲ ಓದುಗರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಮಕ್ಕಳ ಸಂಘದಲ್ಲಿಯೂ ಈ ಮೂರು ದನಿಗಳು ಕೇಳಿಬರುತ್ತವೆ. ಆಯ್ದ ತಂಡದ ತರಬೇತುದಾರ ಹೇಳುತ್ತಾನೆ: ನನ್ನ ಮಕ್ಕಳು ಪ್ರತಿಭಾವಂತರು, ಶ್ರಮಶೀಲರು, ಒಳ್ಳೆಯ ನೆಲ ಅವರ ಕೈಯಲ್ಲಿ ಸಾರ್ಥಕವಾಗುತ್ತದೆ. ವಿನೋದಕ್ಕಾಗಿ ಆಡುವ ಮಕ್ಕಳ ತಾಯಿ ಹೇಳುತ್ತಾಳೆ: ನನ್ನ ಮಗಳಿಗೆ ವಾರಕ್ಕೆ ಇರುವುದು ಇದೊಂದೇ ಆಟ. ವರ್ಷಗಟ್ಟಲೆ ಸುಣ್ಣದ ಗೆರೆ ಎಳೆದು, ಬಲೆ ಕಟ್ಟಿ, ಲೆಕ್ಕ ಬರೆದ ಸ್ವಯಂಸೇವಕ ಹೇಳುತ್ತಾನೆ: ನಾನು ದುಡಿಯದಿದ್ದರೆ ಈ ಸಂಘವೇ ಇರುತ್ತಿರಲಿಲ್ಲ.

ಈ ಮೂರರಲ್ಲಿ ಯೋಗ್ಯತೆಯ ವಾದ ಬಲವತ್ತರವೆಂದು ತೋರುತ್ತದೆ. ಆದುದರಿಂದಲೇ ಅದನ್ನು ಹೆಚ್ಚು ಎಚ್ಚರಿಕೆಯಿಂದ ತೂಗಬೇಕು. ಎಂಟು ವರ್ಷದ ಮಗುವಿನಲ್ಲಿ ನಾವು ಕಾಣುವ ಯೋಗ್ಯತೆ ಯಾವುದು? 1985ರಲ್ಲಿ ಕೆನಡದ ಮನೋವಿಜ್ಞಾನಿ ರೋಜರ್ ಬಾರ್ನ್ಸ್‌ಲಿ ಮತ್ತು ಅವರ ಸಹೋದ್ಯೋಗಿಗಳು ಆ ದೇಶದ ಐಸ್ ಹಾಕಿ ಆಟಗಾರರ ಜನ್ಮದಿನಗಳನ್ನು ಪರಿಶೀಲಿಸಿದರು. ಮೇಲ್ಮಟ್ಟದ ಕಿರಿಯರ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರು ಅತಿ ಹೆಚ್ಚಾಗಿಯೂ ಕೊನೆಯ ತಿಂಗಳುಗಳಲ್ಲಿ ಹುಟ್ಟಿದವರು ಅತಿ ಕಡಿಮೆಯಾಗಿಯೂ ಕಂಡುಬಂದರು. ಕಾರಣ ಸರಳ. ವಯೋಗುಂಪಿನ ಗೆರೆ ಜನವರಿ 1ಕ್ಕೆ ಇದ್ದಲ್ಲಿ ಜನವರಿಯ ಮಗುವೂ ಡಿಸೆಂಬರಿನ ಮಗುವೂ ಒಂದೇ ಗುಂಪಿಗೆ ಬರುತ್ತವೆ. ಎಂಟರ ವಯಸ್ಸಿನಲ್ಲಿ ಒಂದು ವರ್ಷವೆಂದರೆ ಆವರೆಗಿನ ಬಾಳಿನ ಎಂಟನೆಯ ಒಂದು ಪಾಲು. ಹಿರಿಯ ಮಗು ಎತ್ತರವಾಗಿ, ವೇಗವಾಗಿ ಕಾಣುತ್ತದೆ. ಕಂಡುದನ್ನು ಪ್ರತಿಭೆಯೆಂದು ಭಾವಿಸಿ ಅದಕ್ಕೆ ಒಳ್ಳೆಯ ತರಬೇತುದಾರನನ್ನೂ ಒಳ್ಳೆಯ ಅಂಗಳವನ್ನೂ ಹೆಚ್ಚಿನ ಅವಧಿಯನ್ನೂ ಕೊಡುತ್ತಾರೆ. ಕೆಲವು ವರ್ಷಗಳಲ್ಲಿ ಆ ಮಗು ನಿಜವಾಗಿಯೂ ಉತ್ತಮ ಆಟಗಾರನಾಗುತ್ತದೆ. ಆಗ ಎಲ್ಲರೂ, ನೋಡಿರಿ, ನಮ್ಮ ಆಯ್ಕೆ ಸರಿಯಾಗಿತ್ತು ಎನ್ನುತ್ತಾರೆ.

ಇದೇ ಪರಿಣಾಮ ಕಾಲ್ಚೆಂಡಾಟದಲ್ಲಿಯೂ ಮತ್ತೆ ಮತ್ತೆ ಕಂಡುಬಂದಿದೆ. ಅಮೆರಿಕದ ಒಕ್ಕೂಟ 2017ರಲ್ಲಿ ಈ ಗೆರೆಯನ್ನು ಆಗಸ್ಟಿನಿಂದ ಜನವರಿಗೆ ಸರಿಸಿತ್ತು. 2026–27ರ ಋತುವಿನಿಂದ ಅದನ್ನು ಮತ್ತೆ ಆಗಸ್ಟ್ 1ಕ್ಕೆ ತರಲು ಪ್ರಮುಖ ಮಕ್ಕಳ ಸಂಸ್ಥೆಗಳು ನಿರ್ಧರಿಸಿವೆ. ಗೆರೆ ಸರಿದರೆ ಅದೃಷ್ಟವಂತ ತಿಂಗಳುಗಳೂ ಸರಿಯುತ್ತವೆ. ಮಗು ಅದೇ, ಅದರ ಯೋಗ್ಯತೆ ಮಾತ್ರ ಪಂಚಾಂಗದೊಡನೆ ಬದಲಾಗುತ್ತದೆ! ಹೀಗಿರುವಲ್ಲಿ, ಇಂದು ಯೋಗ್ಯತೆಯೆಂದು ಮನ್ನಿಸುವುದರಲ್ಲಿ ಒಂದಂಶ ನಿನ್ನೆಯ ಹಂಚಿಕೆಯ ಫಲ ಎಂಬುದನ್ನು ಒಪ್ಪಲೇಬೇಕು. ಫಲವನ್ನೇ ಕಾರಣವಾಗಿಸಿ ಮತ್ತೆ ಹೆಚ್ಚು ಕೊಡುತ್ತ ಹೋದರೆ ಆ ಚಕ್ರಕ್ಕೆ ಕೊನೆಯಿಲ್ಲ.

ಈ ಮಾತನ್ನು ಅಂಕಿಗಳಲ್ಲಿ ಪರೀಕ್ಷಿಸೋಣ. ಒಂದು ಸಂಘದಲ್ಲಿ ನಲವತ್ತು ತಂಡಗಳಿವೆ, ನಾಲ್ಕು ಮೈದಾನಗಳಿವೆ, ವಾರಕ್ಕೆ ಐದು ಸಂಜೆಗಳು, ಸಂಜೆಗೆ ಎರಡು ಸರದಿಗಳು ಎಂದು ಭಾವಿಸೋಣ. ಒಟ್ಟು ನಲವತ್ತು ಪೂರ್ಣ ಮೈದಾನದ ಸರದಿಗಳಾದವು. ಅರ್ಧ ಮೈದಾನದ ಲೆಕ್ಕದಲ್ಲಿ ಎಂಬತ್ತು. ಆಯ್ದ ಆರು ತಂಡಗಳಿಗೆ ವಾರಕ್ಕೆ ಮೂರು ಬಾರಿ ಪೂರ್ಣ ಮೈದಾನವನ್ನು ಮೊದಲೇ ಕೊಟ್ಟುಬಿಟ್ಟರೆ ಮೂವತ್ತಾರು ಪಾಲುಗಳು ಹೋದವು. ಉಳಿದ ನಲವತ್ತನಾಲ್ಕನ್ನು ಮೂವತ್ತನಾಲ್ಕು ತಂಡಗಳು ಹಂಚಿಕೊಳ್ಳಬೇಕು. ಹತ್ತು ತಂಡಗಳಿಗೆ ಎರಡು ದಿನ ದೊರೆತೀತು. ಇಪ್ಪತ್ತನಾಲ್ಕು ತಂಡಗಳಿಗೆ ಒಂದೇ ದಿನ.

ಅದೇ ನೆಲವನ್ನು ಬೇರೆ ಕ್ರಮದಲ್ಲಿ ಹಂಚಿ ನೋಡಿರಿ. ನಲವತ್ತರಲ್ಲಿ ಹನ್ನೆರಡು ಎಂಟು ವರ್ಷದೊಳಗಿನವರ ತಂಡಗಳೆಂದುಕೊಳ್ಳೋಣ. ಅವರಿಗೆ ಕಾಲು ಮೈದಾನ ಧಾರಾಳವಾಗಿ ಸಾಕು. ವಾರಕ್ಕೆ ಎರಡು ದಿನದಂತೆ ಅವರಿಗೆ ತಗಲುವುದು ಹನ್ನೆರಡು ಅರ್ಧಪಾಲು. ಉಳಿದ ಇಪ್ಪತ್ತೆಂಟು ತಂಡಗಳಿಗೆ ಎರಡೆರಡು ದಿನ ಅರ್ಧ ಮೈದಾನವೆಂದರೆ ಐವತ್ತಾರು. ಎಲ್ಲ ನಲವತ್ತು ತಂಡಗಳೂ ವಾರಕ್ಕೆ ಎರಡು ದಿನ ಆಡಿದ ಮೇಲೆಯೂ ಹನ್ನೆರಡು ಪಾಲುಗಳು ಉಳಿಯುತ್ತವೆ. ಆಯ್ದ ಆರು ತಂಡಗಳಿಗೆ ತಲಾ ಒಂದು ಹೆಚ್ಚಿನ ದಿನ ಪೂರ್ಣ ಮೈದಾನವನ್ನು ಕೊಡಲು ಅದು ಸರಿಯಾಗಿ ಸಾಲುತ್ತದೆ. ನೆಲ ಒಂದು ಅಂಗುಲವೂ ಹೆಚ್ಚಲಿಲ್ಲ. ಯಾರನ್ನು ಮೊದಲು ಕೇಳಬೇಕು ಎಂಬ ಕ್ರಮವೊಂದೇ ಬದಲಾಯಿತು. ಮೊದಲು ಎಲ್ಲರಿಗೂ ಕನಿಷ್ಠ ಪಾಲು, ಅದರಲ್ಲಿ ಅಗತ್ಯಕ್ಕೆ ತಕ್ಕ ತಾರತಮ್ಯ, ಮಿಕ್ಕುದರಲ್ಲಿ ಯೋಗ್ಯತೆಗೆ ಮನ್ನಣೆ. ಈ ಕ್ರಮವನ್ನು ತಲೆಕೆಳಗು ಮಾಡಿದಾಗ ಕೊರತೆ ಹುಟ್ಟುತ್ತದೆ. ಹಲವು ಸಂದರ್ಭಗಳಲ್ಲಿ ನಾವು ಅಭಾವವೆಂದು ಕರೆಯುವುದು ಅಕ್ರಮದ ಇನ್ನೊಂದು ಹೆಸರು.

ಈ ಲೆಕ್ಕದಲ್ಲಿ ಇನ್ನೊಬ್ಬ ಹಕ್ಕುದಾರನನ್ನು ಮರೆಯುವಂತಿಲ್ಲ. ಅದು ಹುಲ್ಲು. ಮಳೆಯಲ್ಲಿ ನೆನೆದ ನೆಲದ ಮೇಲೆ ಒಂದು ಸಂಜೆ ಆಡಿದರೆ ಬೇರು ಕಿತ್ತುಬರುತ್ತದೆ. ಗೋಲಿನ ಮುಂದಿನ ನೆಲ ಎಲ್ಲಕ್ಕಿಂತ ಮೊದಲು ಬೋಳಾಗುತ್ತದೆ. ಬಿಡುವಿಲ್ಲದೆ ದುಡಿದ ಮೈದಾನ ವಸಂತದ ಹೊತ್ತಿಗೆ ಕೆಸರಿನ ಕಣವಾಗುತ್ತದೆ. ಆದುದರಿಂದ ಮಿಕ್ಕ ಪಾಲಿನಲ್ಲಿಯೂ ಮೊದಲ ತುತ್ತು ನೆಲದ ವಿಶ್ರಾಂತಿಗೆ ಸಲ್ಲಬೇಕು. ಬಾಯಿಲ್ಲದ ಆ ಜೀವದ ಪರವಾಗಿ ಸಭೆಯಲ್ಲಿ ಯಾರಾದರೊಬ್ಬರು ಮಾತನಾಡಬೇಕು. ಅದರಲ್ಲಿ ದಯೆಯೂ ಇದೆ, ಮುಂದಿನ ವರ್ಷ ಆಡಲಿರುವ ಮಕ್ಕಳ ಹಿತವೂ ಇದೆ.

ಹಣದ ವಾದ ಇದರ ನಂತರದ್ದು. ಆಯ್ದ ತಂಡದವರು ಹೆಚ್ಚು ಶುಲ್ಕ ಕೊಡುತ್ತಾರೆ, ಆದುದರಿಂದ ಹೆಚ್ಚು ನೆಲ ಅವರಿಗೆ ಸಲ್ಲಬೇಕು ಎಂಬುದು ಆ ವಾದ. ಶುಲ್ಕದಿಂದ ತರಬೇತುದಾರನ ವೇತನ, ತೀರ್ಪುಗಾರರ ಸಂಭಾವನೆ, ಸಮವಸ್ತ್ರ, ಪ್ರಯಾಣ ಇವು ದೊರೆಯುವುದು ನ್ಯಾಯವೇ. ಆದರೆ ನೆಲ ಸಾರ್ವಜನಿಕರದ್ದು. ಚೆಂಡನ್ನು ಎಂದೂ ಮುಟ್ಟದ ವೃದ್ಧರ ತೆರಿಗೆಯೂ ಅದರಲ್ಲಿ ಸೇರಿದೆ. 2014ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ಮಿಷನ್ ಬಡಾವಣೆಯ ಮೈದಾನದಲ್ಲಿ ಒಂದು ಘಟನೆ ನಡೆಯಿತು. ಅಲ್ಲಿಯ ಹುಡುಗರು ಬಹುಕಾಲದಿಂದ ಬದಿಗೆ ಏಳು ಜನರಂತೆ ಆಡುತ್ತ, ಸೋತವರು ಹೊರಗೆ, ಗೆದ್ದವರು ಒಳಗೆ ಎಂಬ ರೂಢಿಯಿಂದ ಬಂದವರಿಗೆಲ್ಲ ಸರದಿ ಕೊಡುತ್ತಿದ್ದರು. ನಗರದ ಉದ್ಯಾನ ಇಲಾಖೆ ಗಂಟೆಗೆ 27 ಡಾಲರ್ ಕೊಟ್ಟ ವಯಸ್ಕರಿಗೆ ಕೆಲವು ಸಂಜೆಗಳನ್ನು ಕಾಯ್ದಿರಿಸುವ ಪದ್ಧತಿಯನ್ನು ತಂದಿತ್ತು. ತಂತ್ರಜ್ಞಾನ ಸಂಸ್ಥೆಗಳ ನೌಕರರು ಪರವಾನಗಿಯ ಕಾಗದವನ್ನು ತೋರಿಸಿ ಹುಡುಗರನ್ನು ಹೊರಹೋಗುವಂತೆ ಕೇಳಿದರು. ಆ ಮಾತುಕತೆಯ ಚಿತ್ರೀಕರಣ ಎಲ್ಲೆಡೆ ಹರಡಿ ಪ್ರತಿಭಟನೆಯಾಗಿ, ಇಲಾಖೆ ಅಲ್ಲಿ ವಯಸ್ಕರಿಗೆ ಕಾಯ್ದಿರಿಸುವುದನ್ನೇ ಕೈಬಿಟ್ಟಿತು. ಕಾಗದವಿದ್ದವರು ನಿಯಮವನ್ನು ಮುರಿದಿರಲಿಲ್ಲ. ಆದರೆ ನಿಯಮಬದ್ಧವಾದುದೆಲ್ಲ ಧರ್ಮಬದ್ಧವಾಗುವುದಿಲ್ಲ. ಬರಿಗೈಯವನೂ ಕಾಯುತ್ತ ನಿಂತರೆ ತನ್ನ ಸರದಿ ಬಂದೇ ಬರುತ್ತದೆಂಬ ಭರವಸೆಯನ್ನು ಆ ಕಾಗದ ಕಸಿದುಕೊಂಡಿತ್ತು.

ಹಣಕ್ಕಿಂತಲೂ ಸೂಕ್ಷ್ಮವಾದ ಇನ್ನೊಂದು ಶಕ್ತಿಯಿದೆ, ಅದು ರೂಢಿ. ಕಳೆದ ವರ್ಷ ಮಂಗಳವಾರ ಈ ಮೈದಾನ ನಮ್ಮದಾಗಿತ್ತು, ಈ ವರ್ಷವೂ ನಮ್ಮದೇ ಎಂಬ ಮಾತಿನಲ್ಲಿ ಯಾರಿಗೂ ದುರಾಶೆ ಕಾಣುವುದಿಲ್ಲ. ಆದರೆ ಹತ್ತು ವರ್ಷ ಇದೇ ಮಾತು ನಡೆದರೆ ಹೊಸದಾಗಿ ಬಂದವರಿಗೆ ಕೊನೆಯ ಸರದಿ, ಕೊನೆಯ ಮೂಲೆ. ಲಾಸ್ ಏಂಜಲೀಸ್ ನಗರದ ಸ್ಯಾನ್ ಫರ್ನಾಂಡೊ ಕಣಿವೆಯಲ್ಲಿ ನಡೆದುದು ಬೇರೆಯ ಆಟದ ಸಂಗತಿಯಾದರೂ ಇಲ್ಲಿ ನೆನೆಯತಕ್ಕದ್ದು. ನಗರದ ಒಳ್ಳೆಯ ಅಂಗಳಗಳು ವರ್ಷಗಳಿಂದ ಹುಡುಗರ ಬೇಸ್‌ಬಾಲ್ ಸಂಘಗಳ ಕೈಯಲ್ಲಿದ್ದವು. ಹುಡುಗಿಯರ ಸಾಫ್ಟ್‌ಬಾಲ್ ಸಂಘ ನೆಲೆಯಿಲ್ಲದೆ ಕಳಪೆ ಅಂಗಳಗಳಲ್ಲಿ ಅಲೆಯುತ್ತಿತ್ತು. 1998ರಲ್ಲಿ ಆ ಹುಡುಗಿಯರ ಪರವಾಗಿ ದಾವೆ ಹೂಡಲಾಯಿತು. ಮರುವರ್ಷ ನಗರ ಒಪ್ಪಂದಕ್ಕೆ ಬಂದು ಹುಡುಗಿಯರ ಆಟಕ್ಕೆ ನೆಲವನ್ನೂ ಸೌಕರ್ಯವನ್ನೂ ಒದಗಿಸಲು ಒಪ್ಪಿತು. 2004ರಲ್ಲಿ ಕ್ಯಾಲಿಫೋರ್ನಿಯ ರಾಜ್ಯವೇ, ನಗರ ಮತ್ತು ಕೌಂಟಿಗಳು ಮಕ್ಕಳ ಕ್ರೀಡೆಯಲ್ಲಿಯೂ ಮೈದಾನದ ಹಂಚಿಕೆಯಲ್ಲಿಯೂ ಹೆಣ್ಣು ಗಂಡೆಂಬ ಭೇದ ಮಾಡಕೂಡದೆಂದು ಶಾಸನ ಮಾಡಿತು. ಆ ಅನ್ಯಾಯಕ್ಕೆ ದುಷ್ಟನೊಬ್ಬ ಬೇಕಾಗಿರಲಿಲ್ಲ. ಕಳೆದ ವರ್ಷದ ಪಟ್ಟಿಯನ್ನು ಹಾಗೆಯೇ ನಕಲು ಮಾಡುವ ಗುಮಾಸ್ತನೊಬ್ಬ ಸಾಕು.

ಪರಿಗ್ರಹವೆಂದರೆ ಬಂಗಾರ, ಭೂಮಿ, ಧಾನ್ಯಗಳ ಸಂಚಯ ಮಾತ್ರವೆಂದು ತಿಳಿಯುವುದು ಸ್ಥೂಲದೃಷ್ಟಿ. ವಸ್ತುವಿಗಿಂತ ಮೊದಲು ಅದರ ಮೇಲಿನ ಮಮಕಾರವೇ ಪರಿಗ್ರಹವೆಂದು ನಮ್ಮ ಹಿರಿಯರು ಬಗೆದರು. ಮಂಗಳವಾರದ ಸಂಜೆ ಐದು ಗಂಟೆಯೂ ಪರಿಗ್ರಹವಾಗಬಲ್ಲದು. ಗೃಹಸ್ಥನ ವ್ರತಗಳಲ್ಲಿ ಅತಿಥಿಸಂವಿಭಾಗವೆಂಬುದೊಂದುಂಟು. ಅಲ್ಲಿಯ ಸಂವಿಭಾಗವೆಂಬ ಪದವೇ ಅರ್ಥಗರ್ಭಿತ: ಉಳಿದುದನ್ನು ಕೊಡುವುದಲ್ಲ, ತಾನು ಉಣ್ಣುವ ಮೊದಲೇ ಸರಿಯಾಗಿ ಪಾಲು ಮಾಡುವುದು. ಮೈದಾನಕ್ಕೆ ಬರುವ ಪ್ರತಿಯೊಂದು ಹೊಸ ಮಗುವೂ ತಿಥಿ ಹೇಳದೆ ಬಂದ ಅತಿಥಿಯೇ. ಅದಕ್ಕೆ ಎಂಜಲು ಪಾಲನ್ನು ತೋರಿಸಿ, ನೀನು ತಡವಾಗಿ ಬಂದೆ ಎನ್ನುವುದು ಸಂವಿಭಾಗವಾಗದು.

ಇದಕ್ಕೆ ಗಂಭೀರವಾದ ಆಕ್ಷೇಪವೊಂದುಂಟು. ಹದಿನೈದು ವರ್ಷದ ಹುಡುಗಿ ಆಟವನ್ನೇ ತಪಸ್ಸಾಗಿ ಸ್ವೀಕರಿಸಿದ್ದಾಳೆ. ಅವಳನ್ನು ವಾರಕ್ಕೊಮ್ಮೆ ಬೇಸರ ಕಳೆಯಲು ಬರುವವರ ಸಮಕ್ಕೆ ನಿಲ್ಲಿಸುವುದು ನ್ಯಾಯವೇ? ಪ್ರತಿಭೆಯುಳ್ಳ ಮಗುವೂ ಮಗುವಲ್ಲವೇ? ಈ ಆಕ್ಷೇಪ ಸತ್ಯದೂರವಲ್ಲ. ಎಲ್ಲರನ್ನೂ ಒಂದೇ ಮಟ್ಟಕ್ಕೆ ಕತ್ತರಿಸುವ ಸಮತೆ ಅಸೂಯೆಯ ಸಂತಾನ. ಸಾಧನೆಗೆ ಹೆಚ್ಚಿನ ಕಾಲ ಬೇಕು, ವಯಸ್ಸು ಬಂದಂತೆ ಪೂರ್ಣ ಮೈದಾನವೂ ಬೇಕು. ಮೇಲಿನ ಲೆಕ್ಕದಲ್ಲಿ ಅದಕ್ಕೆ ಎಡೆಯಿದೆ. ಕನಿಷ್ಠ ಪಾಲಿನ ನಿಯಮ ಶ್ರೇಷ್ಠತೆಯನ್ನು ಕೊಲ್ಲುತ್ತದೆಂಬುದಕ್ಕೂ ಆಧಾರ ಸಾಲದು. ಟಾರೆನ್ಸಿನಲ್ಲಿ ಹುಟ್ಟಿದ ಆ ಸಂಸ್ಥೆ, ಪ್ರತಿಯೊಂದು ಮಗುವೂ ಪ್ರತಿ ಪಂದ್ಯದಲ್ಲಿ ಕಡೆಯಪಕ್ಷ ಅರ್ಧ ಕಾಲವಾದರೂ ಆಡಲೇಬೇಕೆಂಬ ಕಟ್ಟಳೆಯನ್ನು ತನ್ನ ಮೂಲತತ್ತ್ವವಾಗಿ ಇಟ್ಟುಕೊಂಡು ಅರ್ಧ ಶತಮಾನಕ್ಕೂ ಮೀರಿ ಬಾಳಿದೆ. ಎಂಟನೆಯ ವಯಸ್ಸಿನಲ್ಲಿ ಬಾಗಿಲನ್ನು ಮುಚ್ಚಿದರೆ ಹದಿನೈದರಲ್ಲಿ ಅರಳಬೇಕಾದವರು ಯಾರೆಂಬುದೇ ತಿಳಿಯದೆ ಹೋಗುತ್ತದೆ. ತಡವಾಗಿ ಬೆಳೆಯುವ ಮಗು ಅಷ್ಟರಲ್ಲಿ ಆಟವನ್ನೇ ಬಿಟ್ಟಿರುತ್ತದೆ. ಆದುದರಿಂದ ಎಳೆಯ ವಯಸ್ಸಿನಲ್ಲಿ ಸಮಪಾಲು ಹೆಚ್ಚಿರಲಿ, ವಯಸ್ಸು ಏರಿದಂತೆ ಸಾಧನೆಯ ಪಾಲು ಹೆಚ್ಚಲಿ ಎಂಬುದು ವಿವೇಕದ ಮಾತು.

ಆಚರಣೆಯಲ್ಲಿ ಇದಕ್ಕೆ ಬೇಕಾದುದು ಕೆಲವೇ ನಿಯಮಗಳು. ಹಂಚಿಕೆಯ ಸೂತ್ರವನ್ನು ತಂಡಗಳ ಪಟ್ಟಿ ಸಿದ್ಧವಾಗುವ ಮೊದಲೇ ಬರೆದಿಡಬೇಕು. ತನ್ನ ಮಗು ಯಾವ ತಂಡಕ್ಕೆ ಸೇರುವುದೆಂದು ತಿಳಿಯದಿರುವಾಗ ಬರೆದ ಸೂತ್ರ ಪಕ್ಷಪಾತದಿಂದ ದೂರವಿರುತ್ತದೆ. ಕತ್ತಲ ಸರದಿ, ಬೋಳು ಮೂಲೆ, ದೂರದ ಮೈದಾನ ಇವು ಋತುವಿನಿಂದ ಋತುವಿಗೆ ಎಲ್ಲರ ಪಾಲಿಗೂ ಸುತ್ತಿ ಬರಬೇಕು. ಯಾವ ಹಂಚಿಕೆಯೂ ಒಂದು ಋತುವಿಗಿಂತ ಹೆಚ್ಚು ಬಾಳಬಾರದು. ಪ್ರತಿ ಸಲವೂ ಬರಿಯ ಹಾಳೆಯಿಂದ ಆರಂಭಿಸಬೇಕು. ಪಟ್ಟಿ ಎಲ್ಲರ ಕಣ್ಣಿಗೂ ಬೀಳುವಂತಿರಬೇಕು. ಹಂಚುವವನು ತನ್ನ ಮಗುವಿನ ತಂಡ ಯಾವುದೆಂದು ಮೊದಲೇ ಹೇಳಿ, ಸಮಾನ ಹಕ್ಕಿನವರಲ್ಲಿ ತನ್ನ ತಂಡದ ಸರದಿಯನ್ನು ಕೊನೆಗೆ ಆರಿಸಿಕೊಳ್ಳಬೇಕು. ಸ್ವಯಂಸೇವಕನ ದುಡಿಮೆಗೆ ಕೃತಜ್ಞತೆ ಸಲ್ಲಲಿ. ನೆಲ ಆ ದುಡಿಮೆಯ ಸಂಬಳವಾಗದಿರಲಿ. ಸಂಬಳವಾದೊಡನೆ ಅವನ ಸೇವೆ ವ್ಯಾಪಾರವಾಗುತ್ತದೆ. ಅದರಿಂದ ನಷ್ಟ ಅವನಿಗೇ.

ಇಷ್ಟೊಂದು ವಿಚಾರ ಒಂದು ಆಟಕ್ಕಾಗಿ ಬೇಕೇ ಎಂದು ಕೆಲವರು ಕೇಳಬಹುದು. ಆಟ ಚಿಕ್ಕದೇ ಇರಬಹುದು. ಅದರಿಂದ ಮಗು ಕಲಿಯುವ ಪಾಠ ಚಿಕ್ಕದಲ್ಲ. ಹಂಚಿಕೆಯ ಪಟ್ಟಿಯನ್ನು ಮಕ್ಕಳು ಓದುವುದಿಲ್ಲ, ಆದರೆ ಅದರ ಅರ್ಥ ಅವರಿಗೆ ಕಾಲಿನಿಂದ ತಿಳಿಯುತ್ತದೆ. ಸದಾ ಬೋಳು ಮೂಲೆಯಲ್ಲಿ ನಿಂತು ಪಕ್ಕದ ಹಸಿರನ್ನು ನೋಡುವ ಮಗು ಲೋಕದಲ್ಲಿ ತನ್ನ ಸ್ಥಾನ ಇಂತಹುದೆಂದು ನಂಬತೊಡಗುತ್ತದೆ. ಸದಾ ಹಸಿರಿನಲ್ಲಿ ನಿಂತ ಮಗುವಿಗೆ ಆಗುವ ಹಾನಿ ಇನ್ನೂ ಸೂಕ್ಷ್ಮ: ಪಡೆದುದೆಲ್ಲ ತನ್ನ ಗುಣದಿಂದಲೇ ಬಂತೆಂಬ ಭ್ರಮೆ ಅದರಲ್ಲಿ ಬೇರೂರುತ್ತದೆ. ಒಬ್ಬನಲ್ಲಿ ದೈನ್ಯ, ಇನ್ನೊಬ್ಬನಲ್ಲಿ ಮದ. ಎರಡೂ ಕಷಾಯಗಳೇ, ಎರಡನ್ನೂ ಬಿತ್ತಿದುದು ಹಿರಿಯರ ಕೈ. ಸರದಿ ಮುಗಿದೊಡನೆ ಚೆಂಡನ್ನೆತ್ತಿಕೊಂಡು, ಕಾಯುತ್ತಿರುವ ತಂಡಕ್ಕೆ ನಗುಮೊಗದಿಂದ ನೆಲವನ್ನು ಬಿಟ್ಟುಕೊಡಲು ಕಲಿತ ಮಗು ಪಂದ್ಯದಲ್ಲಿ ಗೆದ್ದರೂ ಸೋತರೂ ಬಾಳಿಗೆ ಬೇಕಾದುದನ್ನು ಕಲಿತಿರುತ್ತದೆ. ಹಿಡಿಯುವುದನ್ನು ಲೋಕ ತಾನಾಗಿ ಕಲಿಸುತ್ತದೆ; ಬಿಡುವುದನ್ನು ಹಿರಿಯರೇ ಕಲಿಸಬೇಕು.